ರಾಯಚೂರು ಸೀಮೆಯ ಮಕ್ಕಳ ಹೆಸರುಗಳು

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ರಾಯಚೂರು, ದೇವದುರ್ಗ, ಮಾನ್ವಿ ಭಾಗದಲ್ಲಿ ಕೂಸಿಗಿಡುವ ಹೆಸರು ಬಹುಮಟ್ಟಿಗೆ ಒಂದು ಹರಕೆ. ನಿಘಂಟಿನ ಅರ್ಥಕ್ಕಿಂತ ಅದು ಯಾವ ಗುಡಿಯದು, ಯಾವ ಗದ್ದುಗೆಯದು ಎಂಬುದೇ ಮುಖ್ಯ.

ಸೂಗಪ್ಪ, ಸೂಗಮ್ಮ, ಸೂಗಯ್ಯ ಎಂದರೆ ರಾಯಚೂರಿನ ಬಳಿಯ ದೇವಸೂಗೂರಿನ ಸೂಗೂರೇಶ್ವರನ ಒಕ್ಕಲು. ಈ ದೇವರು ವೀರಭದ್ರನ ರೂಪ. ಅಮರೇಶ, ಅಮರಮ್ಮ ಎಂಬವು ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರನಿಂದ ಬಂದವು. ಮೌನೇಶ, ಮಾನಪ್ಪ, ಮಾನಮ್ಮ ಇವರ ಮೂಲ ಕೃಷ್ಣೆಯ ಆಚೆ ದಂಡೆಯ ತಿಂಥಣಿ. ಹುಲಿಗೆಮ್ಮ, ಹುಲಿಗೆಪ್ಪ ಹುಲಿಗಿಯವರು. ಹಂಪಯ್ಯ, ಪಂಪಾಪತಿ ಹಂಪಿಯವರು. ರಾಘವೇಂದ್ರ ಎಂಬ ಹೆಸರು ಇಲ್ಲಿ ಅಷ್ಟೊಂದು ಕೇಳಿಬರಲು ಮಂತ್ರಾಲಯ ಹತ್ತಿರದಲ್ಲಿರುವುದೇ ಕಾರಣ. ಪೂರ್ವದ ಗಡಿಯತ್ತ ಹೋದಂತೆ ನರಸಿಂಹಲು, ಆಂಜನೇಯಲು ಎಂದು ತೆಲುಗಿನ ಬಾಲ ಸೇರಿಕೊಳ್ಳುತ್ತದೆ.

ಹರಕೆಗೆ ಧರ್ಮದ ಗಡಿಯೂ ಇರಲಿಲ್ಲ. ಮುದಗಲ್ಲಿನ ಮೊಹರಂ ಇಡೀ ಸೀಮೆಗೆ ದೊಡ್ಡ ಹಬ್ಬ. ಆ ಹಬ್ಬದಲ್ಲಿ ಕೂಡಿಸುವ ಅಲಾಯಿ ದೇವರಿಗೆ ಬೇಡಿಕೊಂಡು ಮಕ್ಕಳನ್ನು ಪಡೆದ ಹಿಂದೂ ಮನೆಗಳಲ್ಲಿ ಹುಸೇನಪ್ಪ, ಹುಸೇನಮ್ಮ, ಮೌಲಪ್ಪ, ಫಕೀರಪ್ಪ, ಖಾಜಪ್ಪ ಹುಟ್ಟಿದರು. ಅರಬ್ಬೀ, ಪಾರಸಿ ಹೆಸರಿಗೆ ಕನ್ನಡದ ಅಪ್ಪ, ಅಮ್ಮ ಸೇರಿಸಿದ ಈ ಹೆಸರುಗಳು ಈ ನೆಲದ ಇತಿಹಾಸವನ್ನು ಎಷ್ಟೋ ಗ್ರಂಥಗಳಿಗಿಂತ ಚೆನ್ನಾಗಿ ಹೇಳುತ್ತವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ದೃಷ್ಟಿ ತಾಗದಿರಲೆಂದು ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆಯುವುದೂ ಇತ್ತು.

ಸೀಮೆಯ ಅತಿ ಹಳೆಯ ಲಿಖಿತ ಹೆಸರುಗಳಲ್ಲೊಂದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿದೆ. 1915ರಲ್ಲಿ ಪತ್ತೆಯಾದ ಅಲ್ಲಿನ ಬಂಡೆಗಲ್ಲಿನ ಶಾಸನದಲ್ಲಿ, ಅಲ್ಲಿಯತನಕ ಶಾಸನಗಳಲ್ಲಿ ದೇವಾನಾಂಪ್ರಿಯನೆಂಬಂಥ ಬಿರುದುಗಳಿಂದಷ್ಟೇ ತಿಳಿದಿದ್ದ ಅರಸ ‘ಅಸೋಕ’ ಎಂಬ ಸ್ವಂತ ಹೆಸರಿನಿಂದ ಕಾಣಿಸಿಕೊಂಡ. ಇಂದಿನ ಅಶೋಕರು ಮಾತ್ರ ಬಂಡೆಯಿಂದಲ್ಲ, ಪಠ್ಯಪುಸ್ತಕದಿಂದ ಬಂದವರೆನ್ನಬೇಕು.

ಹದಿನೆಂಟನೆಯ ಶತಮಾನದ ಹರಿದಾಸರಲ್ಲಿ ಹೆಸರು ಎರಡು ಬಾರಿ ದೊರೆಯುತ್ತಿತ್ತು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಕೂಸಮ್ಮನ ಮಗನಾಗಿ ಹುಟ್ಟಿದ ದಾಸಪ್ಪ, ‘ವಿಜಯವಿಠಲ’ ಅಂಕಿತದ ವಿಜಯದಾಸರಾದರು (1682–1755). ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಭಾಗಣ್ಣ ಅವರ ಶಿಷ್ಯರಾಗಿ ಗೋಪಾಲದಾಸರಾದರು. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು (1728–1809). ತೊಟ್ಟಿಲಿನ ಹೆಸರು ಮರೆಯಾಗಿ ದಾಸರ ಹೆಸರೇ ನಿಂತಿತು. ಮುಂದೆ ವಿಜಯವಿಠಲನೆಂಬ ಅಂಕಿತ ಮಾಧ್ವ ಮನೆಗಳಲ್ಲಿ ಮಕ್ಕಳ ಹೆಸರಾಗಿಯೂ ಬಂತು. ಶರಣಪ್ಪ, ಬಸವರಾಜ, ಸಿದ್ಧರಾಮ, ನೀಲಮ್ಮ ಎಂಬ ಲಿಂಗಾಯತ ಹೆಸರುಗಳ ಹಿಂದೆ ಶರಣರಿದ್ದಾರೆ. ರಾಯಚೂರಿನ ರಂಗಮಂದಿರಕ್ಕೆ ಇಟ್ಟಿರುವ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನಲ್ಲಿ ಶರಣನೂ ಊರೂ ಕೂಡಿವೆ. ನಿಜಾಮರ ಆಡಳಿತದ ಕಾಲಕ್ಕೆ ಹುದ್ದೆಗಳೂ ಹೆಸರಿಗೆ ಅಂಟಿದವು: ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ.

ತೊಟ್ಟಿಲಿಗೆ ಹಾಕುವ ದಿನ ಹೆಸರಿಡುವ ಹಕ್ಕು ಸೋದರತ್ತೆಯದು. ಆಕೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಿದ್ದಂತೆ ಉಳಿದ ಹೆಂಗಸರು ಬೆನ್ನಿಗೆ ಗುದ್ದು ಹಾಕುತ್ತಾರೆ. ಮೊದಲ ಗಂಡುಮಗುವಿಗೆ ಅಜ್ಜನ ಹೆಸರಿಡುವುದು ರೂಢಿ. ಆದರೆ ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೀಗಾಗಿ ಮಗ ಅವಳಿಗೆ ‘ಅಪ್ಪಿ’ಯೋ ‘ಪುಟ್ಟ’ನೋ ಆಗಿ ಉಳಿಯುತ್ತಿದ್ದ. ಮುಸ್ಲಿಂ ಮನೆಗಳಲ್ಲಿ ಏಳನೆಯ ದಿನದ ಅಖೀಖಾ ವಿಧಿಯೊಂದಿಗೆ ಹೆಸರು ಕೂಡುತ್ತದೆ.

ಈಗ ಜನ್ಮನಕ್ಷತ್ರದ ಅಕ್ಷರ ಹಿಡಿದು ಮೊಬೈಲಿನಲ್ಲಿ ಹೆಸರು ಹುಡುಕುವವರು ಹೆಚ್ಚು. ಹರಕೆಯ ಹೆಸರು ಮನೆಗೆ, ಹೊಸ ಹೆಸರು ದಾಖಲೆಗೆ ಎಂಬ ಒಪ್ಪಂದ ಹಲವೆಡೆ ನಡೆದಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿಲ್ಲದೆಯೂ ಜನನ ನೋಂದಾಯಿಸಬಹುದು. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಲು ಅವಕಾಶವಿದೆ.