ಘೋಷಾ ಆಸ್ಪತ್ರೆ ಅಂದ್ರೆ...

ಚಿಕ್ಕವನಿದ್ದಾಗ "ಘೋಷಾ ಆಸ್ಪತ್ರೆ" ಅಂದ್ರೆ ತುಂಬಾ ಗಲಾಟೆ ಇರೋ ಆಸ್ಪತ್ರೆ ಅಂದ್ಕೊಂಡಿದ್ದೆ! ಆಮೇಲೆ ಗೊತ್ತಾಯ್ತು, ಅರ್ಥ ಪೂರ್ತಿ ಉಲ್ಟಾ. ಪಾರ್ಸಿಯ 'ಗೋಷಾ' ಅಂದ್ರೆ ಮೂಲೆ. ಪರದೆಯ ಮರೆಯಲ್ಲಿರುವ ಹೆಂಗಸರಿಗೆ ಆ ಹೆಸರು ಬಂತು.

ನನಗೆ ಈ ಪದ ಹೇಳಿಕೊಟ್ಟವರು ದೊಡ್ಡಮ್ಮ. ಕಲಾಸಿಪಾಳ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದರು. ಒಂದು ರಾತ್ರಿ ಬುರ್ಖಾ ಹಾಕಿದ್ದ ಬಸುರಿಯೊಬ್ಬರು ಬಂದರಂತೆ. ಲೇಡಿ ಡಾಕ್ಟರ್ ಇಲ್ಲ ಅಂತ ತಿಳಿದದ್ದೇ ನೋವು ತಿನ್ನುತ್ತಲೇ ಆಟೋ ಹತ್ತಿ ಹೊರಟುಹೋದರಂತೆ. "ಜೀವಕ್ಕಿಂತ ನಾಚಿಕೆ ಹೆಚ್ಚಾ?" ಅಂತ ಅಲ್ಲಿದ್ದವರು ಗೊಣಗಿದರಂತೆ. ಕಥೆ ಕೇಳಿದಾಗ ನನಗೂ ಹಾಗೇ ಅನ್ನಿಸಿತ್ತು.

ಇತಿಹಾಸ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. 1885ರಲ್ಲಿ ಮೇರಿ ಶಾರ್ಲೀಬ್ ಎಂಬ ವೈದ್ಯೆ ಮದ್ರಾಸಿನಲ್ಲಿ ಹೆಂಗಸರಿಗೆಂದೇ ಒಂದು ಆಸ್ಪತ್ರೆ ಶುರುಮಾಡಿದರು. ಅದರ ಹೆಸರಿನಲ್ಲಿ 'ಗೋಷಾ' ಜೊತೆಗೆ 'ಕ್ಯಾಸ್ಟ್' ಅಂತಲೂ ಇತ್ತು! ಅಂದರೆ ಗಂಡು ಡಾಕ್ಟರ ಮುಂದೆ ಬರಲೊಲ್ಲದವರು ಬರೀ ಮುಸ್ಲಿಮರಲ್ಲ, ಮೇಲ್ಜಾತಿಯ ಹಿಂದೂ ಹೆಂಗಸರೂ ಹೌದು. ನಮ್ಮ ಮುತ್ತಜ್ಜಿಯರೂ ಅದೇ ಸಾಲಿನವರು. ಅದೇ ವರ್ಷ ವೈಸ್‌ರಾಯ್ ಹೆಂಡತಿ ಲೇಡಿ ಡಫರಿನ್ ಹೆಣ್ಣು ಡಾಕ್ಟರು, ನರ್ಸು, ಸೂಲಗಿತ್ತಿಯರ ತರಬೇತಿಗೆ ನಿಧಿ ಕಟ್ಟಿದರು.

ಬೆಂಗಳೂರಿನಲ್ಲಿ? ಆಗ ದಂಡು ಬ್ರಿಟಿಷರ ಕೈಲಿ, ಪೇಟೆ ಮೈಸೂರು ಮಹಾರಾಜರ ಕೈಲಿ. ದಂಡಿನ ಕಡೆ ಈಗಿನ ಶಿವಾಜಿನಗರದಲ್ಲಿ, ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ದಾನದಿಂದ ಘೋಷಾ ಆಸ್ಪತ್ರೆ ಎದ್ದಿತು. ಅದಕ್ಕೆ ಇಂದಿಗೂ ಅವರದೇ ಹೆಸರು. ಪೇಟೆಯ ಕಡೆ, ಕಲಾಸಿಪಾಳ್ಯಕ್ಕೆ ಹತ್ತಿರದಲ್ಲೇ, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಪಕ್ಕದಲ್ಲೇ 1935ರಲ್ಲಿ ಹೆಂಗಸರು ಮಕ್ಕಳಿಗೆಂದು ವಾಣಿ ವಿಲಾಸ ಬಂತು. ಅಲ್ಲಿ ಹಿಂದೂ ಮುಸ್ಲಿಂ ಬಾಣಂತಿಯರು ಅಕ್ಕಪಕ್ಕದ ಮಂಚದಲ್ಲೇ ಮಲಗುತ್ತಾರೆ.

ಇವನ್ನೆಲ್ಲ ಕಟ್ಟಿದವರು ಮೊದಲು "ನಾಚಿಕೆ ಬಿಟ್ಟು ಬಾ" ಅನ್ನಲಿಲ್ಲ. ಮರೆ ಮಾಡಿಕೊಟ್ಟು "ಬಾಮ್ಮ" ಅಂದರು. ಹೆಂಗಸರು ಬಂದರು.

ದೊಡ್ಡಮ್ಮ ಆ ರಾತ್ರಿಯ ನಂತರ ಕೆಲವು ಪದ್ಧತಿ ಇಟ್ಟುಕೊಂಡರು. ಪರದೆ ಎಳೆಯದೆ ಯಾರನ್ನೂ ಮುಟ್ಟುತ್ತಿರಲಿಲ್ಲ. ಇಂಜೆಕ್ಷನ್‌ಗೆ ಎಷ್ಟು ಬೇಕೋ ಅಷ್ಟೇ ತೋಳು ಸರಿಸುತ್ತಿದ್ದರು. ಗಂಡು ಡಾಕ್ಟರೇ ನೋಡಬೇಕಾದಾಗ "ನಾನು ಇಲ್ಲೇ ಇರ್ತೀನಿ, ಆಗಬಹುದಾ ಅಮ್ಮ?" ಅಂತ ಮೊದಲೇ ಕೇಳುತ್ತಿದ್ದರು. ಹೀಗೆ ಕೇಳಿದರೆ ಎಷ್ಟೋ ಜನ ಒಪ್ಪುತ್ತಿದ್ದರಂತೆ.

ಆವತ್ತು ಆಟೋ ಹತ್ತಿದ ಆ ತಾಯಿ ಏನಾದರೋ, ದೊಡ್ಡಮ್ಮನಿಗೆ ಕೊನೆವರೆಗೂ ತಿಳಿಯಲಿಲ್ಲ. "ನಾನಾದರೂ ಕೇಳಬೇಕಿತ್ತು ಕಣೋ" ಅನ್ನುತ್ತಿದ್ದರು.