ಅಕ್ಕಿಯ ಮುಡಿ

ಮುಡಿ ಎಂದೊಡನೆ ಘಟ್ಟದ ಮೇಲಿನವರಿಗೆ ನೆನಪಾಗುವುದು ಹೆಂಗಸರ ತುರುಬು, ಅದಕ್ಕೇರಿದ ಮಲ್ಲಿಗೆ. ಕರಾವಳಿಯವರಿಗೆ ಅದರ ಜೊತೆಗೆ ಇನ್ನೊಂದೂ ನೆನಪಾಗುತ್ತದೆ: ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ 42 ಸೇರು ಅಕ್ಕಿ. ಎರಡೂ ಒಂದೇ ಮಾತು. ಗಂಟು ಕಟ್ಟು ಎಂಬ ಅರ್ಥದಿಂದ ತುರುಬೂ ಬಂತು, ದೇವರಿಗೆಂದು ಕಟ್ಟಿ ತೆಗೆದಿರಿಸುವ ಮುಡಿಪೂ ಬಂತು, ಅಕ್ಕಿಯ ಮುಡಿಯೂ ಬಂತು. ಎಲೆಯನ್ನು ಸುರುಳಿ ಸುತ್ತಿ, ಹಿಟ್ಟು ಹೊಯ್ದು ಬೇಯಿಸುವ ಕಡುಬಿಗೆ ಮಂಗಳೂರಿನ ಕಡೆ ಮೂಡೆ ಎನ್ನುತ್ತಾರಷ್ಟೆ. ಅದೂ ಇದೇ ಮನೆತನದ್ದೆಂದು ನನ್ನ ಎಣಿಕೆ.

ಬಯಲುಸೀಮೆಯ ರೈತ ತನ್ನ ಜೋಳ, ರಾಗಿಗಳನ್ನು ಹಗೇವಿನಲ್ಲಿ ಹೂಳುತ್ತಿದ್ದ. ನೆಲದೊಳಗೆ ಗಾಳಿಯಾಡದೆ ಹುಳು ಸಾಯುತ್ತಿತ್ತು. ಬಾಯಿ ತೆರೆದ ದಿನ ಎಚ್ಚರ ತಪ್ಪಿ ಇಳಿದ ಮನುಷ್ಯನೂ ಸಾಯುವುದುಂಟು. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ತುಳುನಾಡಿನಲ್ಲಿ ಈ ವಿದ್ಯೆ ನಡೆಯದು. ಅಲ್ಲಿ ಕಾಳನ್ನು ಕೆಳಗಿಳಿಸಿದರೆ ಕೆಟ್ಟಿತು, ಮೇಲೇರಿಸಿದರೆ ಉಳಿಯಿತು. ಭತ್ತಕ್ಕೆ ಅಂಗಳದಲ್ಲಿ ತಿರಿ, ತುಪ್ಪೆಗಳಿದ್ದವು. ಉಳ್ಳವರ ಮನೆಯೊಳಗೆ ಮರದ ಪತ್ತಾಯವಿತ್ತು. ಅಕ್ಕಿಗೆ ಮುಡಿಯೇ ಗತಿ.

ಮುಡಿ ಕಟ್ಟುವುದು ಹುಡುಗಾಟದ ಕೆಲಸವಲ್ಲ. ಉದ್ದನೆಯ ಹುಲ್ಲನ್ನೇ ಆರಿಸಿ, ಕೊಡವಿ, ಒಣಗಿಸಿ, ಅದರಿಂದಲೇ ಹಗ್ಗ ಹೊಸೆದುಕೊಳ್ಳಬೇಕು. ಹುಲ್ಲಿನ ಕಟ್ಟಿನ ಒಂದು ತುದಿಯನ್ನು ಬಿಗಿದು, ಎಳೆಗಳನ್ನು ಸುತ್ತಲೂ ಅರಳಿಸಿ, ನಡುವೆ ಅಳೆದ ಅಕ್ಕಿ ಸುರಿದು, ಎಳೆಗಳನ್ನು ಮೇಲಕ್ಕೆ ಮಡಚಿ, ಹಗ್ಗ ಸುತ್ತುತ್ತ ಹೋಗುವುದು. ಒಬ್ಬ ಹಗ್ಗ ಜಗ್ಗಿದರೆ ಇನ್ನೊಬ್ಬ ಮರದ ಕೊಡತಿಯಿಂದ ಬಡಿದು ಗುಂಡಗೆ ಮಾಡುತ್ತಾನೆ. ಕೆಲಸ ಮುಗಿದಾಗ ಅದು ಕಲ್ಲಿನಷ್ಟು ಗಟ್ಟಿ. ಅಂಗಳದುದ್ದಕ್ಕೂ ಉರುಳಿಸಿದರೂ ಕಾಳು ಉದುರಬಾರದು. ಬಳಿಕ ಅದು ಏರುತ್ತಿದ್ದುದು ಅಡುಗೆಮನೆಯ ಮೇಲಿನ ಅಟ್ಟಕ್ಕೆ.

ಅಟ್ಟವೇ ಏಕೆ? ಅಕ್ಕಿಯಲ್ಲಿ ನೂರಕ್ಕೆ 14 ಪಾಲಿಗಿಂತ ಹೆಚ್ಚು ತೇವ ನಿಂತರೆ ಬೂಷ್ಟು ಹಿಡಿಯುತ್ತದೆಂದು ಇಂದಿನ ವಿಜ್ಞಾನ ಹೇಳುತ್ತದೆ. ಒಲೆಯ ಕಾವು ತೇವವನ್ನು ತಡೆಯುತ್ತಿತ್ತು, ಹೊಗೆ ಹುಳುವನ್ನು ದೂರವಿಡುತ್ತಿತ್ತು, ಹುಲ್ಲಿನ ಸಂದಿಯಲ್ಲಿ ಕಾಳು ಉಸಿರಾಡುತ್ತಿತ್ತು. ಇದಕ್ಕಿಂತ ದೊಡ್ಡ ಗುಟ್ಟು ಕುಚ್ಚಲಕ್ಕಿಯಲ್ಲಿದೆ. ತವುಡಿನಲ್ಲಿ ಎಣ್ಣೆಯಿದೆ, ಭತ್ತವನ್ನು ಕುಟ್ಟಿದೊಡನೆ ತವುಡಿನಲ್ಲೇ ಇರುವ ಒಂದು ಕಿಣ್ವ ಆ ಎಣ್ಣೆಯನ್ನು ಒಡೆದು ಕಮಟು ತರುತ್ತದೆ. ಭತ್ತವನ್ನು ಮೊದಲೇ ಬೇಯಿಸಿ ಒಣಗಿಸಿದರೆ ಕಿಣ್ವದ ಆಟ ನಿಲ್ಲುತ್ತದೆ, ಕಾಳೂ ಗಟ್ಟಿಯಾಗುತ್ತದೆ. ಕೆಂಪು ತವುಡು ಅಂಟಿಕೊಂಡೇ ಇದ್ದ ಅಕ್ಕಿ ಮಳೆಗಾಲ ದಾಟುತ್ತಿದ್ದುದರ ರಹಸ್ಯ ಇದು. ಕಿಣ್ವದ ಹೆಸರನ್ನು ನಮ್ಮ ಹಿರಿಯರು ಕೇಳಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಈ ಹುಲ್ಲಿನ ಉಂಡೆ ಮನೆಯ ಅಟ್ಟದಲ್ಲೇ ಕುಳಿತಿದ್ದರೆ ಅದರ ಚರಿತ್ರೆ ಇಲ್ಲಿಗೇ ಮುಗಿಯುತ್ತಿತ್ತು. ಅದು ಕಡಲನ್ನೂ ದಾಟಿತು. 1516ರ ಸುಮಾರಿಗೆ ಪೋರ್ಚುಗೀಸನಾದ ದುವಾರ್ತೆ ಬಾರ್ಬೋಸ ಬಸರೂರು, ಬಾರಕೂರುಗಳ ರೇವಿನಿಂದ ಮಲಬಾರಿಗೂ ಹೊರಮುಜಿಗೂ ಅಕ್ಕಿ ಹೋಗುತ್ತಿದ್ದುದನ್ನು ಬರೆದಿದ್ದಾನೆ. ಗೋವೆಯಲ್ಲಿ ನೆಲೆಯೂರಿದ ಪೋರ್ಚುಗೀಸರ ಊಟವೂ ಈ ಕರಾವಳಿಯ ಅಕ್ಕಿಯನ್ನೇ ಬಹುವಾಗಿ ನೆಚ್ಚಿತ್ತು. ಅವರು ಅಕ್ಕಿಯನ್ನು ಎಣಿಸುತ್ತಿದ್ದುದು 'ಫಾರ್ದೋ' ಎಂಬ ಲೆಕ್ಕದಲ್ಲಿ; ಹಾಗೆಂದರೆ ಕಟ್ಟು, ಹೊರೆ. ನಮ್ಮ ಕಡೆಯ ಅಕ್ಕಿಯ ಮಾತು ಬಂದಲ್ಲಿ ಆ ಫಾರ್ದೋ ನಮ್ಮ ಮುಡಿಯೇ ಇರಬೇಕು. ಅಳೆದು ಕಟ್ಟಿದ ಮೇಲೆ ಮತ್ತೆ ಬಿಚ್ಚಿ ಅಳೆಯುವ ಗೋಜಿಲ್ಲ. ಒಂದು, ಎರಡು ಎಂದು ಎಣಿಸಿ ದೋಣಿಗೆ ತುಂಬಿದರಾಯಿತು. ವ್ಯಾಪಾರಿಗೆ ಇದಕ್ಕಿಂತ ಒಪ್ಪುವ ಪದ್ಧತಿ ಯಾವುದು?

ಧಣಿಗೂ ಅಷ್ಟೇ ಒಪ್ಪಿತ್ತು. ಕರಾವಳಿಯಲ್ಲಿ ಗೇಣಿಯ ಲೆಕ್ಕ ನಡೆದದ್ದು ಮುಡಿಯಲ್ಲಿ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಈಗಿನ ತೂಕದಲ್ಲಿ ಸುಮಾರು 40 ಕಿಲೋ ಎನ್ನಬಹುದು. ಆದರೆ ಸೇರಿನ ಗಾತ್ರ ಎಲ್ಲ ಕಡೆಯೂ ಒಂದೇ ಆಗಿರಲಿಲ್ಲ. ಮೂಲಗೇಣಿಯ ಒಕ್ಕಲಿಗೆ ಭೂಮಿ ಕೈತಪ್ಪುವ ಭಯ ಕಡಿಮೆ. ಚಾಲಗೇಣಿಯವನು ಮುಡಿ ಕಡಿಮೆಯಾದರೆ ಗದ್ದೆಯನ್ನೇ ಬಿಡಬೇಕಾದೀತು. ನನ್ನ ಅಜ್ಜ ಚಾಲಗೇಣಿಯ ಒಕ್ಕಲು. ಇಡಿ ಅಕ್ಕಿಯೆಲ್ಲ ಮುಡಿಗೆ, ನುಚ್ಚು ಗಂಜಿಗೆ ಎಂದು ಅಜ್ಜಿ ಹೇಳುತ್ತಿದ್ದರು. ಆಟಿ ತಿಂಗಳ ಮಳೆಯಲ್ಲಿ ಧಣಿಯ ಅಟ್ಟದ ಮೇಲೆ ಅಜ್ಜ ಕಟ್ಟಿದ ಮುಡಿಗಳು ಬೆಚ್ಚಗಿದ್ದವು. ಅಜ್ಜನ ಮನೆಯಲ್ಲಿ ತಗಟೆ ಸೊಪ್ಪು, ಕೆಸುವಿನೆಲೆ, ಹಲಸಿನ ಬೀಜ ಬೇಯುತ್ತಿದ್ದವು. ಆಟಿಯ ಅಡುಗೆಯನ್ನು ಈಗ ಊರೂರಲ್ಲಿ ಹಬ್ಬ ಮಾಡಿ ಉಣಬಡಿಸುತ್ತಾರೆ. ರುಚಿಯೇನೋ ನಿಜ, ಅದು ಹೊಟ್ಟೆಯ ಪಾಡಿನಿಂದ ಹುಟ್ಟಿದ ರುಚಿ ಎಂಬುದನ್ನೂ ಎಲೆಯ ತುದಿಗೆ ಬಡಿಸಿದರೆ ಒಳ್ಳೆಯದು. ಅಕ್ಕಿಯನ್ನು ಕೆಡದಂತೆ ಇಡುವ ಕಲೆ ಯಾರ ಕೈಯಲ್ಲಿತ್ತೋ ಅವರಿಗೆ ಇಡಲು ಅಕ್ಕಿಯಿರಲಿಲ್ಲ.

1961ರ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿಯ ಪದ್ಧತಿ ಮುರಿಯಿತು. ಅಜ್ಜನಿಗೆ ಗದ್ದೆ ಬಂತು. ಆದರೆ ಅಷ್ಟರಲ್ಲಿ ಮುಡಿಯ ಕಾಲವೂ ತೀರುತ್ತ ಬಂದಿತ್ತು. ಮೆಟ್ರಿಕ್ ತೂಕ ಬಂದು ಸೇರು, ಕಳಸೆಗಳು ಮೂಲೆ ಸೇರಿದವು. 1855ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ತೊಡಗಿದ ಮೇಲೆ ದೇಶವನ್ನೆಲ್ಲ ಹಬ್ಬಿದ ಗೋಣಿಚೀಲ ಅಕ್ಕಿಗಿರಣಿಗಳ ಜೊತೆ ಇಲ್ಲಿಗೂ ಬಂತು. ಅದನ್ನು ಕಟ್ಟಲು ಅರ್ಧ ದಿನ ಬೇಡ, ಅರ್ಧ ನಿಮಿಷ ಸಾಕು. ಕೊನೆಯ ಪೆಟ್ಟು ಬಿದ್ದದ್ದು ಹುಲ್ಲಿಗೇ. 1966ರಲ್ಲಿ ಐ.ಆರ್. 8 ಬಂದ ಮೇಲೆ ಹರಡಿದ ಗಿಡ್ಡ ತಳಿಗಳಲ್ಲಿ ತೆನೆಯ ಭಾರಕ್ಕೆ ಪೈರು ಬೀಳದಿರಲೆಂದು ಕಾಂಡವನ್ನೇ ಕುಗ್ಗಿಸಲಾಗಿದೆ. ಇಳುವರಿ ಹೆಚ್ಚಿತು, ಅದನ್ನು ಅಲ್ಲಗಳೆಯುವಂತಿಲ್ಲ; ಮುಡಿಗೆ ಬೇಕಾದ ಉದ್ದ ಮಾತ್ರ ಹುಲ್ಲಿಗೆ ಉಳಿಯಲಿಲ್ಲ. ಈಗ ಕೊಯ್ಲಿಗೆ ಬರುವ ಯಂತ್ರ ಇದ್ದ ಹುಲ್ಲನ್ನೂ ಮುರಿದು ಚೆಲ್ಲುತ್ತದೆ. ದೇವಸ್ಥಾನಕ್ಕೋ ದೈವದ ನೇಮಕ್ಕೋ ಮುಡಿ ಬೇಕಾದಾಗ ಎತ್ತರದ ಹಳೆಯ ತಳಿ ಬೆಳೆದವರನ್ನು ಹುಡುಕಿ, ಕತ್ತಿಯಲ್ಲಿ ಕೊಯ್ದ ಹುಲ್ಲನ್ನು ಕೇಳಿ ತರಬೇಕಾಗಿದೆ.