ಮೇಷ್ಟ್ರ ಸಂಬಳ, ಊರಿನ ಲೆಕ್ಕ

1823ರಲ್ಲಿ ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳನ್ನು ಎಣಿಸಿ ಮದ್ರಾಸಿಗೆ ವರದಿ ಕಳಿಸಿದ. 533 ಶಾಲೆ, 6,641 ಮಕ್ಕಳು. ಶಾಲೆಗೆ ಹನ್ನೆರಡೋ ಹದಿಮೂರೋ ಮಕ್ಕಳು ಬಿದ್ದಂತಾಯಿತು. ಇಷ್ಟರಲ್ಲಿ ಒಂದು ಶಾಲೆಗೂ ಸರ್ಕಾರದ ಕಾಸಿಲ್ಲ ಎಂದು ಆತನೇ ನಾಚಿಕೊಂಡು ಬರೆದಿದ್ದಾನೆ. ಮಕ್ಕಳ ಮನೆಯವರು ಕೊಟ್ಟದ್ದೇ ಮೇಷ್ಟ್ರ ಸಂಬಳ. ಊರು ಉಂಡರೆ ಮೇಷ್ಟ್ರೂ ಉಂಡರು. ಯುರೋಪಿನ ಬಟ್ಟೆ ಬಂದು ನೇಯುವವರ ಕೈ ಬರಿದಾಯಿತು, ಬಡತನ ಹೆಚ್ಚಿತು, ಶಾಲೆಗಳೂ ಸೊರಗಿದವು ಎನ್ನುವುದು ಅವನದೇ ವಿವರಣೆ.

1983ರಲ್ಲಿ ಧರ್ಮಪಾಲರು 'ದಿ ಬ್ಯೂಟಿಫುಲ್ ಟ್ರೀ'ಯಲ್ಲಿ ಅಚ್ಚು ಹಾಕಿಸಿದ ಮೇಲೆ ಈ ವರದಿ 'ನಮ್ಮಲ್ಲಿ ಎಲ್ಲಾ ಇತ್ತು' ಎನ್ನುವವರ ಕೈಗೂ ಸಿಕ್ಕಿತು. ಇತ್ತು, ನಿಜ. ಆದರೆ ಕೋಷ್ಟಕ ನೋಡಿ: ಬ್ರಾಹ್ಮಣ 1,187, ವೈಶ್ಯ 982, ಶೂದ್ರ 3,024, ಮುಸ್ಲಿಂ 243, 'ಇತರೆ ಜಾತಿ' 1,205. ಈ ಇತರೆಯೊಳಗೆ ಹೊಲಗೇರಿಯ, ಮಾದಿಗರ ಕೇರಿಯ ಮಕ್ಕಳೆಷ್ಟು? ಕೋಷ್ಟಕ ಬಾಯಿ ಬಿಡೋದಿಲ್ಲ. ಮಕ್ಕಳ ಕೊಡುಗೆಯ ಮೇಲೆ ಬದುಕಬೇಕಾದ ಮೇಷ್ಟ್ರಿಗೆ ಕಾಳಿಲ್ಲದ ಕೇರಿ ಆದಾಯವೇ ಅಲ್ಲ. ಕೇರಿ ಹೊರಗುಳಿಯಲು ಮೈಲಿಗೆ ಒಂದು ಕಾರಣವಾದರೆ ಇದು ಇನ್ನೊಂದು. ಎರಡನೆಯದರ ಬಗ್ಗೆ ನಾವು ಕಡಿಮೆ ಮಾತಾಡಿದ್ದೇವೆ ಅನಿಸುತ್ತದೆ.

ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು. 1956ರಲ್ಲಿ ಮುಂಬಯಿ, ಹೈದರಾಬಾದಿನ ಕಡೆಯ ಮೇಷ್ಟ್ರುಗಳೂ ಇದೇ ರಾಜ್ಯಕ್ಕೆ ಬಂದರು. ಇವತ್ತು ಸರ್ಕಾರಿ ಶಾಲೆಯ ಕಾಯಂ ಮೇಷ್ಟ್ರ ವೇತನಶ್ರೇಣಿ ಬೀದರಿನಲ್ಲೂ ಬೆಂಗಳೂರಿನಲ್ಲೂ ಒಂದೇ. ಹಾಗಾದ್ರೆ ತಾರತಮ್ಯ ಹೋಯ್ತಲ್ಲ ಅಂತೀರಿ.

ಹೋಗಿಲ್ಲ. 2024ರ ಆಗಸ್ಟ್‌ನಿಂದ ಮನೆ ಬಾಡಿಗೆ ಭತ್ಯೆ ಬೆಂಗಳೂರಿಗೆ ಮೂಲವೇತನದ ಶೇ. 20, ಹಳ್ಳಿಗೆ ಶೇ. 7.5. ಮೂಲವೇತನ 50,000 ಇದ್ದರೆ ತಿಂಗಳಿಗೆ 6,250 ರೂಪಾಯಿ ಅಂತರ. ಹಳ್ಳೀಲಿ ಬಾಡಿಗೆ ಅಗ್ಗ ಎನ್ನುವುದು ಸರ್ಕಾರದ ತರ್ಕ. ಒಪ್ಪೋಣ, ಮನೆ ಸಿಕ್ಕರೆ. ನನ್ನ ಜೊತೆ ಓದಿದ ಗೆಳೆಯನೊಬ್ಬ ಸಿರುಗುಪ್ಪದ ಕಡೆ ಮೇಷ್ಟ್ರು. ಊರೊಳಗೆ ಬಾಡಿಗೆ ಮನೆ ಕೇಳಿದಾಗ ಮೊದಲು ಹೆಸರು ಕೇಳಿದರು, ಆಮೇಲೆ ಅಪ್ಪನ ಹೆಸರು, ಆಮೇಲೆ ಯಾವ ಪೈಕಿ ಅಂತ. ಕೊನೆಗೆ, "ಮಗಳು ಬಾಣಂತನಕ್ಕ ಬರ್ತಾಳ್ರಿ ಸಾರ್, ಮನಿ ಬೇಕಾಗ್ತತಿ." ಈಗ ಪೇಟೆಯಲ್ಲಿ ಮನೆ ಮಾಡಿ ದಿನಾ ಎರಡು ಬಸ್ಸು ಹತ್ತಿ ಬರುತ್ತಾನೆ. ಭತ್ಯೆಯ ಲೆಕ್ಕ ಹಾಕಿದವರಿಗೆ ಈ ಬಸ್ ಚಾರ್ಜು ಕಂಡಿಲ್ಲ.

ಹೀಗಿರುವಾಗ ವರ್ಗಾವಣೆ ಸಿಕ್ಕವರು ಹೊರಡುತ್ತಾರೆ, ಅವರನ್ನು ಬೈಯಲಾರೆ. ಕಲ್ಯಾಣ ಕರ್ನಾಟಕದ ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರು ತುಂಬುತ್ತಾರೆ. 2025ರಲ್ಲಿ ಏರಿದ ಮೇಲೂ ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ತಿಂಗಳಿಗೆ 12,000 ರೂಪಾಯಿ, ಬೇಸಿಗೆ ರಜೆಗೆ ಏನೂ ಇಲ್ಲ. ಗೆಳೆಯನ ಶಾಲೆಯಲ್ಲಿ ಅದೇ ಊರಿನ ಕೇರಿಯ ಹುಡುಗಿಯೊಬ್ಬಳು ಡಿ.ಎಡ್. ಮುಗಿಸಿ ಅತಿಥಿಯಾಗಿದ್ದಾಳೆ. ಏಪ್ರಿಲ್, ಮೇ ತಿಂಗಳು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತಾಳಂತೆ, ತನ್ನ ವಿದ್ಯಾರ್ಥಿಗಳ ತಾಯಂದಿರ ಜೊತೆ.